ಪದಚರ್ಚೆ: ಸ್ಪೀಡ್‌ಬೋಟಿನ ಇಂಜಿನ್ ಗೂಡಿಗೆ ‘ವಾತಾಯನ’ ಎಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸ್ಪೀಡ್‌ಬೋಟುಗಳ ಇಂಜಿನ್ ಕೆಲಸ ಕಲಿಯುವ ಹುಡುಗರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಕರಾವಳಿಯ ಹುಡುಗರು, ಬರೆಯುವ ನಾನು ಬಸವನಗುಡಿಯಲ್ಲಿ ಕೂತವನು. ದೋಣಿ ಎಂದರೆ ನನಗೆ ಚಿಕ್ಕಂದಿನಲ್ಲಿ ಹಲಸೂರು ಕೆರೆಯಲ್ಲಿ ಹತ್ತಿದ್ದು, ಅದೂ ಹುಟ್ಟು ಹಾಕುವ ದೋಣಿ. ಹಾಗಾಗಿ ತಪ್ಪಿದ್ದರೆ ತಿದ್ದುವ ಹಕ್ಕು ಎಲ್ಲರಿಗೂ ಇದೆ, ಮಲ್ಪೆ ಕುಂದಾಪುರದವರಿಗೆ ಎರಡು ಪಟ್ಟು ಇದೆ.

ತೊಡಕು ಇದು. ಕೈಪಿಡಿಯ ಒಂದು ಅಧ್ಯಾಯ ಪೂರ್ತಿ ಇಂಜಿನ್ ಇರುವ ಜಾಗದಲ್ಲಿ ಗಾಳಿಯ ಹರಿವನ್ನು ಸರಿಪಡಿಸುವ ಬಗ್ಗೆ. ಸಾಲುಸಾಲಿಗೂ ವೆಂಟಿಲೇಶನ್. ಕೆಲಸ ಕೊಟ್ಟವರ ಪದಪಟ್ಟಿಯಲ್ಲಿ ಅದಕ್ಕೆ ‘ವಾತಾಯನ’ ಎಂದಿತ್ತು, ಕಣ್ಣುಮುಚ್ಚಿ ಹಾಕುತ್ತ ಹೋದೆ. ಮುಂದಿನ ಅಧ್ಯಾಯಕ್ಕೆ ಬಂದಾಗ ನನ್ನ ಕನ್ನಡ ನನ್ನನ್ನೇ ಅಣಕಿಸಿತು. ಹಿಂದಿನ ಪುಟದಲ್ಲಿ ‘ವಾತಾಯನವನ್ನು ಹೆಚ್ಚಿಸಬೇಕು’, ಈ ಪುಟದಲ್ಲಿ ‘ವಾತಾಯನವಾಗದಂತೆ ನೋಡಿಕೊಳ್ಳಬೇಕು’. ಅದೇ ದೋಣಿ, ಅದೇ ಪದ. ಮೊದಲನೆಯದು ಇಂಜಿನ್ ಜಾಗದ ಮಾತು, ಎರಡನೆಯದು ನೀರೊಳಗೆ ತಿರುಗುವ ಪ್ರೊಪೆಲ್ಲರಿನ ಮಾತು. ಇಂಗ್ಲಿಷಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಹೇಗೋ ನಿಭಾಯಿಸುತ್ತಾರೆ. ಅವರು ಬಿದ್ದ ಹಳ್ಳಕ್ಕೆ ನಾವೂ ಬೀಳಬೇಕೇ?

ಮೊದಲು ವಾತಾಯನವನ್ನೇ ನೋಡೋಣ. ಸಂಸ್ಕೃತದಲ್ಲಿ ಅದಕ್ಕೆ ಕಿಟಕಿ ಎಂದು ಅರ್ಥ, ಗಾಳಿ ಬರುವ ದಾರಿ. ಅಂದರೆ ಅದು ತೂತಿನ ಹೆಸರು, ನಡೆಯುವ ಕೆಲಸದ ಹೆಸರಲ್ಲ. ಗವಾಕ್ಷಿ, ಬೆಳಕಿಂಡಿ, ಬೇಲೂರಿನ ಗುಡಿಯಲ್ಲಿ ಕಾಣುವ ಜಾಲಂಧ್ರ, ಎಲ್ಲವೂ ಹಾಗೆಯೇ. ಕಿಂಡಿಗೆ ನಮ್ಮಲ್ಲಿ ಹೆಸರಿಗೆ ಬರವಿಲ್ಲ. ಚಾಮರಾಜಪೇಟೆಯ ನಮ್ಮ ಹಳೇ ಮನೆಯಲ್ಲಿ ಗೋಡೆಯ ನೆತ್ತಿಯ ಮೇಲೆ ಹಗ್ಗ ಎಳೆದು ತೆಗೆಯುವ ಪುಟ್ಟ ಕಿಟಕಿ ಇತ್ತು. ಅಜ್ಜಿ ಅದನ್ನು ‘ವೆಂಟಿಲೇಟ್ರು’ ಎನ್ನುತ್ತಿದ್ದರು. 2020ರ ನಂತರ ಆ ಪದ ಆಸ್ಪತ್ರೆ ಸೇರಿಬಿಟ್ಟಿತು. ಈಗ ‘ವೆಂಟಿಲೇಟರ್ ಹಾಕಿದ್ದಾರೆ’ ಎಂದರೆ ಯಾರೂ ಗೋಡೆಯ ಕಡೆ ತಿರುಗುವುದಿಲ್ಲ.

ಇಂಜಿನ್ ಜಾಗದೊಳಗೇ ‘ವೆಂಟಿಲೇಶನ್’ ಎಂಬ ಒಂದು ಪದದ ಕೆಳಗೆ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದು ನನಗೆ ತಡವಾಗಿ ಹೊಳೆಯಿತು. ಒಂದು, ಇಂಜಿನ್ನಿಗೆ ಉರಿಸಲು ಬೇಕಾದ ಗಾಳಿ ಕೊಡುವುದು. ಇನ್ನೊಂದು, ಆ ಜಾಗದಲ್ಲಿ ತುಂಬಿಕೊಳ್ಳುವ ಪೆಟ್ರೋಲ್ ಆವಿಯನ್ನೂ ಕಾವನ್ನೂ ಹೊರಗೆ ಹಾಕುವುದು. ಇವೆರಡನ್ನೂ ಒಂದೇ ಎಂದುಕೊಂಡವರು ಇಂಜಿನ್ನಿಗೆ ಗಾಳಿ ಸಾಲದಿದ್ದಾಗ ಇನ್ನೊಂದು ಬ್ಲೋವರ್, ಅಂದರೆ ಕೊಳವೆಯಲ್ಲಿ ಗಾಳಿ ಸಾಗಿಸುವ ವಿದ್ಯುತ್ ಫ್ಯಾನ್, ತಂದು ಕೂರಿಸುತ್ತಾರಂತೆ. ಪ್ರಯೋಜನವಿಲ್ಲ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಿಲಿಂಡರುಗಳ ಒಟ್ಟು ಗಾತ್ರದಷ್ಟು ಗಾಳಿ ಎಳೆಯುತ್ತದೆ. 8.2 ಲೀಟರಿನ ದೊಡ್ಡ ವಿ-8 ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಪ್ರತಿ ನಿಮಿಷ ಹೆಚ್ಚುಕಡಿಮೆ 20 ಘನ ಮೀಟರ್ ಗಾಳಿ ಬೇಕು. ಜೋಡಿ ಇಂಜಿನ್ನಿನ ದೋಣಿಗೆ 40. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಮ್ಮ ಬೆಂಗಳೂರಿನ ಮಲಗುವ ಕೋಣೆಯ ಗಾಳಿಯನ್ನೆಲ್ಲ ಮುಕ್ಕಾಲು ನಿಮಿಷದೊಳಗೆ ಮುಗಿಸುವ ಹಸಿವು ಅದು. ಸಾಧಾರಣ ನಾಲ್ಕು ಇಂಚಿನ ಬ್ಲೋವರ್ ಸಾಗಿಸುವುದು ನಿಮಿಷಕ್ಕೆ ಏಳು ಘನ ಮೀಟರಿನ ಆಸುಪಾಸು, ಕೊಳವೆಯ ತಿರುವುಗಳಲ್ಲಿ ಇನ್ನೂ ಕಡಿಮೆ. ಅದರ ಮೇಲೆ ಬ್ಲೋವರ್ ಇರುವುದು ಗಾಳಿಯನ್ನು ಹೊರಗೆ ಹಾಕಲು! ರಾಜಕಾಲುವೆ ಮುಚ್ಚಿ, ಕೆರೆ ತುಂಬಲಿಲ್ಲ ಎಂದು ತೂಬನ್ನು ದೊಡ್ಡದು ಮಾಡಿದ ಹಾಗೆ. ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಬರುವ ಕಿಂಡಿ ಚಿಕ್ಕದಾಗಿದ್ದರೆ ಇಂಜಿನ್ ಆ ಜಾಗದ ಗಾಳಿಯನ್ನೇ ಹೀರಿ ಒತ್ತಡ ಇಳಿಸಿಬಿಡುತ್ತದೆ. ಮುಚ್ಚಳ ಎತ್ತಲು ಹೋದರೆ ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ ಬಿಗಿ. ಹೊರಗೆ ಹಾಕಲೆಂದು ಇಟ್ಟ ಬ್ಲೋವರಿನ ಕೊಳವೆಯಿಂದಲೇ ಗಾಳಿ ಉಲ್ಟಾ ಒಳಗೆ ಬರುವುದೂ ಉಂಟು.

ಈ ಮೊದಲ ಕೆಲಸಕ್ಕೆ ಪದ ಹುಡುಕಿಕೊಂಡು ಜೆ.ಸಿ. ರಸ್ತೆಯ ಹಿಂಭಾಗದಲ್ಲಿರುವ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಿದ್ದೆ. ಇಂಜಿನ್ನಿಗೆ ಗಾಳಿ ಸಾಲದಿದ್ದರೆ ನೀವು ಏನಂತೀರಿ ಎಂದು ಕೇಳಿದೆ. “ಉಸಿರು ಕಟ್ಕೊಂಡಿದೆ ಅಂತೀವಿ ಸಾರ್. ಏರ್ ಎಳ್ಕೊಳ್ತಿಲ್ಲ, ಪಿಕಪ್ ಎಲ್ಲಿಂದ ಬರತ್ತೆ?” ಎಂದರು, ಸ್ಪ್ಯಾನರ್ ಕೆಳಗಿಡದೆಯೇ. ಎರಡು ಗಂಟೆ ನಿಘಂಟು ತಿರುವಿದ್ದು ವ್ಯರ್ಥವಾಯಿತು. ಉಸಿರು ಎಂಬ ಪದದಲ್ಲಿ ಎಳೆಯುವುದೂ ಇದೆ, ಬದುಕೂ ಇದೆ. ಹಳಗನ್ನಡದಲ್ಲಿ ಹಾವಿಗೆ ‘ಎಲರುಣಿ’ ಎಂಬ ಹೆಸರಿದೆಯಲ್ಲ, ಗಾಳಿಯನ್ನು ಉಣ್ಣುವುದು ಎಂದು. ಹಾವು ಗಾಳಿ ತಿಂದು ಬದುಕುವುದಿಲ್ಲ, ನಿಜವಾದ ಎಲರುಣಿ ಈ ಇಂಜಿನ್. ಆದರೆ ಕೈಪಿಡಿಯಲ್ಲಿ ಎಲರುಣಿ ಎಂದು ಬರೆದರೆ ಹುಡುಗರು ಪುಸ್ತಕವನ್ನು ಸಮುದ್ರಕ್ಕೆ ಎಸೆಯುತ್ತಾರೆ. ‘ಇಂಜಿನ್ನಿನ ಉಸಿರುಗಾಳಿ’ ಎಂದು ಸದ್ಯಕ್ಕೆ ಇಟ್ಟಿದ್ದೇನೆ.

ಆ ಉಸಿರುಗಾಳಿ ತಣ್ಣಗಿರಬೇಕು ಎಂಬುದು ಅಧ್ಯಾಯದ ಮುಖ್ಯ ಮಾತು. ಹೊರಗಿನ 30 ಡಿಗ್ರಿ ಗಾಳಿಯ ಬದಲು ಇಂಜಿನ್ ಪಕ್ಕದಲ್ಲೇ ಕಾದು 60 ಡಿಗ್ರಿಯಾದ ಗಾಳಿಯನ್ನು ಎಳೆದುಕೊಂಡರೆ, ಅಷ್ಟೇ ಜಾಗದಲ್ಲಿ ಶೇ. 9ರಷ್ಟು ಕಡಿಮೆ ಗಾಳಿ ಇರುತ್ತದೆ. ಶಕ್ತಿಯೂ ಅದರ ಹಿಂದೆಯೇ ಇಳಿಯುತ್ತದೆ. ಇಲ್ಲಿ ‘ಉಷ್ಣತೆ’ ಎಂಬ ಪಠ್ಯಪುಸ್ತಕದ ಪದ ನನಗೆ ಒಗ್ಗಲಿಲ್ಲ. ಝಳ ಎಂದರೆ ಮುಖಕ್ಕೆ ಹೊಡೆಯುವ ಬಿಸಿ, ಸೆಕೆ ಎಂದರೆ ಬೆವರಿಳಿಸುವ ಬಿಸಿ, ಧಗೆ ಎಂದರೆ ಉರಿಯಂಥದು. ಮುಚ್ಚಿದ ಜಾಗದಲ್ಲಿ ಕೂತು ಕೂತು ಏರುವುದಕ್ಕೆ ‘ಕಾವು’ ಸರಿ ಎನಿಸಿತು. ಇಂಜಿನ್ ನಿಲ್ಲಿಸಿದ ಮೇಲೂ, ತಣ್ಣೀರಿನ ಓಟ ನಿಂತಿರುವುದರಿಂದ, ಆ ಜಾಗದ ಬಿಸಿ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಒಲೆಯ ಕಟ್ಟಿಗೆ ಎಳೆದ ಮೇಲೂ ಬಚ್ಚಲ ಹಂಡೆಯ ನೀರು ಕಾಯುವ ಹಾಗೆ. ಅದಕ್ಕೆ ‘ಕಾವೇರುವುದು’ ಎಂದೇ ಬರೆದೆ.

‘ಜಾಗ’ ಎಂದು ಎಷ್ಟು ಸಲ ಹೇಳಲಿ? ಪದಪಟ್ಟಿಯಲ್ಲಿ ‘ಇಂಜಿನ್ ವಿಭಾಗ’ ಎಂದಿದೆ. ಓದಿದರೆ ಯಾವುದೋ ಕಾಲೇಜಿನ ಮುಖ್ಯಸ್ಥರು ಒಳಗೆ ಕೂತಿದ್ದಾರೆ ಎನಿಸುತ್ತದೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವವರು ಮಲ್ಪೆ ಕಡೆಯವರು. ಅವರನ್ನು ಕೇಳಿದರೆ “ಇಂಜಿನ್ ರೂಮ್ ಅಂತ ಹೇಳುದು ಮಾರಾಯ್ರೆ, ಮತ್ತೆಂತ” ಎಂದರು. ಮೀನುಗಾರಿಕೆಯ ದೊಡ್ಡ ಬೋಟಿಗೆ ಅದು ಸರಿ, ಒಳಗೆ ಇಳಿದು ನಿಲ್ಲಬಹುದು. ಸ್ಪೀಡ್‌ಬೋಟಿನಲ್ಲಿ ಮುಚ್ಚಳ ತೆಗೆದು ಬಗ್ಗಿ ಕೈಹಾಕಬೇಕು. ಅದು ರೂಮಲ್ಲ, ಗೂಡು. ದೀಪದ ಗೂಡು, ಹೊಗೆಗೂಡು ಇದ್ದ ಹಾಗೆ ‘ಇಂಜಿನ್ ಗೂಡು’. ಇದರ ಬಗ್ಗೆ ನನಗೆ ಅನುಮಾನವಿಲ್ಲ, ಆದರೂ ಆಕ್ಷೇಪವಿದ್ದರೆ ಕೇಳುತ್ತೇನೆ.

ಎರಡನೆಯ ಕೆಲಸಕ್ಕೆ, ಅಂದರೆ ಆವಿಯನ್ನೂ ಕಾವನ್ನೂ ಹೊರಗೆ ಹಾಕುವುದಕ್ಕೆ, ‘ಗಾಳಿಯಾಡುವುದು’ ಎಂಬ ಮಾತು ಮನೆಯಲ್ಲೇ ಇದೆ. ‘ಗಾಳಿ ಬೆಳಕು ಚೆನ್ನಾಗಿ ಆಡುತ್ತದೆ’ ಎಂದು ಮನೆ ತೋರಿಸುವ ಬ್ರೋಕರ್ ಕೂಡ ಹೇಳುತ್ತಾನೆ. ಗೂಡಿನಲ್ಲಿ ಗಾಳಿಯಾಡಬೇಕಾದರೆ ಬರುವ ಬಾಯಿ ಹೋಗುವ ಬಾಯಿ ಎದುರುಬದುರು, ದೂರ ದೂರ ಇರಬೇಕು. ಪಕ್ಕಪಕ್ಕದಲ್ಲಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಗಾಳಿ ಇಂಜಿನ್ನಿನ ಮುಖವನ್ನೂ ನೋಡದೆ ಹೊರಟುಹೋಗುತ್ತದೆ. ಆ ಬಾಯಿಗಳಿಗೆ ಮೊದಲು ‘ಒಳಗಾಳಿ’, ‘ಹೊರಗಾಳಿ’ ಎಂದು ಹಾಕಿದ್ದೆ. ಹೊರಗಾಳಿ ಎಂದರೆ ಹೊರಗೆ ಹೋಗುವ ಗಾಳಿಯೋ, ಹೊರಗಿನಿಂದ ಬರುವ ಗಾಳಿಯೋ? ನನಗೇ ಮರುದಿನ ಗೊತ್ತಾಗಲಿಲ್ಲ, ಅಳಿಸಿದೆ. ‘ಬರುಗಿಂಡಿ’, ‘ಹೋಗುಗಿಂಡಿ’ ಎಂದರೆ ಕಿವಿಗೆ ಹೇಗಿದೆ?

ಬಾಯಿ ತೆರೆದ ಮಾತ್ರಕ್ಕೆ ಗಾಳಿ ಒಳಗೆ ಬರುತ್ತದೆ ಎಂಬುದೂ ಸುಳ್ಳು. ದೋಣಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಮುಂದಕ್ಕೆ ಬಾಯಿ ತೆರೆದ ಗೊರಸಿನಂಥ ಮುಚ್ಚಿಗೆಯಿಂದ ಸಿಗುವ ಹೆಚ್ಚಿನ ಒತ್ತಡ ವಾತಾವರಣದ ಒತ್ತಡದ ಅರ್ಧ ಶೇಕಡಾ ಕೂಡ ಇಲ್ಲ. ಗೂಡಿನ ಬಿಗಿ ಬಿಡಿಸಲು ಅಷ್ಟು ಸಾಕು, ಅದರಿಂದ ಶಕ್ತಿ ಉಕ್ಕುತ್ತದೆ ಎಂದುಕೊಳ್ಳುವುದು ಆಸೆ ಮಾತ್ರ. ಅದೇ ಬಾಯಿಯನ್ನು ಗಾಳಿ ಕಿತ್ತುಕೊಂಡು ಹೋಗುವ ಕಡೆ, ಉದಾಹರಣೆಗೆ ಎತ್ತರದ ಗಾಜಿನ ಹಿಂದೆ ಇಟ್ಟರೆ ಅದು ಒಳಗಿನದನ್ನೇ ಹೊರಗೆಳೆಯುತ್ತದೆ. ದೋಣಿಯ ಹಿಂಬದಿಯಲ್ಲೂ ಹೀಗೇ ಸುಳಿ ಎದ್ದು, ಸೈಲೆನ್ಸರ್ ಹೊಗೆ ಮರಳಿ ದೋಣಿಗೇ ಬರುತ್ತದೆ. ಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಧೂಳು ತಿಂದವರಿಗೆ ಇದು ಅನುಭವದ ಮಾತು. ಇದಕ್ಕೆ ‘ಹಿಂಗಾಳಿ’ ಎನ್ನೋಣವೇ? ಬಾಯಿಗೆ ಗಾಳಿ ಬೇಕು, ನೀರು ಬೇಡ ಎಂಬ ಇನ್ನೊಂದು ಪೇಚು. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ಕಾರಿನ ಇಂಜಿನ್ ‘ನೀರು ಕುಡಿಯುವುದನ್ನು’ ಈ ಊರು ಬಲ್ಲದು. 1930ರಲ್ಲಿ ಅಮೆರಿಕದಲ್ಲಿ ನೀರಿಗಿಳಿದ ಡೊರೇಡ್ ಎಂಬ ಹಾಯಿದೋಣಿಯ ಹೆಸರನ್ನೇ ಹೊತ್ತ ಗಾಳಿಪೆಟ್ಟಿಗೆಯೊಂದಿದೆ. ಗಾಳಿ ಅದರೊಳಗೆ ಬಂದು, ತಡೆಯೊಂದನ್ನು ಹತ್ತಿ ಇಳಿದು ಹೋಗುತ್ತದೆ, ನೀರು ಪೆಟ್ಟಿಗೆಯ ತಳದ ತೂತಿನಿಂದ ಹೊರಬೀಳುತ್ತದೆ. ‘ಹಂಸಪೆಟ್ಟಿಗೆ’ ಎಂದು ಕರೆಯುವ ಆಸೆಯಾಯಿತು, ತಡೆದುಕೊಂಡೆ.

ಈಗ ಅಪಾಯದ ಪದ, ಬ್ಲೋವರ್. ಪದಪಟ್ಟಿಯಲ್ಲಿ ‘ಊದುಗ’. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ದೋಣಿಯ ಬ್ಲೋವರ್ ಗೂಡಿನೊಳಕ್ಕೆ ಊದುವುದಿಲ್ಲ, ತಳದಿಂದ ಹೀರಿ ಹೊರಗೆ ಹಾಕುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಅಡುಗೆ ಅನಿಲದಂತೆ ಅದೂ ಕೆಳಗೆ ಇಳಿದು ಕೂರುತ್ತದೆ. ಹೀರುವ ಕೊಳವೆಯ ಬಾಯಿ ತಳಕ್ಕೆ ಹತ್ತಿರ ಇಳಿದಿರಬೇಕು, ಆದರೆ ಅಲ್ಲಿ ಸೇರುವ ನೀರಿನಲ್ಲಿ ಮುಳುಗಬಾರದು. ‘ಊದುಗ’ ಎಂದು ಓದಿದ ಹುಡುಗ ಊದುಗೊಳವೆ, ತಿದಿ ನೆನಪಿಸಿಕೊಂಡು ಫ್ಯಾನನ್ನು ಉಲ್ಟಾ ಕೂರಿಸಿದರೆ? ‘ಎಕ್ಸಾಸ್ಟ್ ಫ್ಯಾನ್’ ಎಂದರೆ ಎಲ್ಲ ಅಡುಗೆಮನೆಗಳಿಗೂ ಗೊತ್ತು. ಆದರೆ ಕರಾವಳಿಯಲ್ಲಿ ಬೋಟಿನ ‘ಫ್ಯಾನ್’ ಎಂದರೆ ಪ್ರೊಪೆಲ್ಲರ್, ‘ಫ್ಯಾನಿಗೆ ಬಲೆ ಸಿಕ್ಕಿತು’ ಎನ್ನುತ್ತಾರೆ. ಹಾಗಾಗಿ ‘ಹೀರುಗ’ ಎಂದು ಬರೆದಿದ್ದೇನೆ. ಜಿಗಣೆಯ ನೆನಪಾಗುತ್ತದೆ ಎಂದು ಮನೆಯಲ್ಲಿ ನಕ್ಕರು. ನಗಲಿ, ದಿಕ್ಕು ತಪ್ಪುವುದಿಲ್ಲ.

ಉಳಿದದ್ದು ಪ್ರೊಪೆಲ್ಲರಿನ ವೆಂಟಿಲೇಶನ್. ತಿರುವಿನಲ್ಲೋ ಅಲೆಯ ಮೇಲೋ ಮೇಲ್ಮೈಯ ಗಾಳಿ ಪ್ರೊಪೆಲ್ಲರಿಗೆ ಎಳೆಯಲ್ಪಟ್ಟಾಗ ಇಂಜಿನ್ ಒಮ್ಮೆಲೇ ರೇಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಕ್ಯಾವಿಟೇಶನ್ ಬೇರೆ: ಅಲ್ಲಿ ಗಾಳಿಯೇ ಇಲ್ಲ, ಒತ್ತಡ ಇಳಿದು ನೀರೇ ಆವಿಯ ಗುಳ್ಳೆಯಾಗುತ್ತದೆ. ಇಂಗ್ಲಿಷಿನಲ್ಲೇ ಇವೆರಡು ಎಷ್ಟು ಕಲಸಿಹೋಗಿವೆ ಎಂದರೆ, ದೋಣಿಯ ಹಿಂಬದಿಗೆ ಹೊರಗಡೆ ತಗುಲಿಸುವ ಔಟ್‌ಬೋರ್ಡ್ ಇಂಜಿನ್ನಿನಲ್ಲಿ ಪ್ರೊಪೆಲ್ಲರಿನ ಮೇಲೆ ಗಾಳಿ ತಡೆಯಲು ಇರುವ ತಗಡನ್ನು ಕ್ಯಾವಿಟೇಶನ್ ಪ್ಲೇಟ್ ಎಂದೇ ಜನ ಕರೆಯುತ್ತಾರೆ. ನಮಗೆ ಆ ಗೊಂದಲ ಬೇಕಿಲ್ಲ. ಪಂಪ್‌ಸೆಟ್ ಓಡುತ್ತಿದ್ದರೂ ನೀರು ಬಾರದಿದ್ದರೆ ರೈತರು ‘ಗಾಳಿ ಹಿಡಿದಿದೆ’ ಎನ್ನುತ್ತಾರೆ. ಪ್ರೊಪೆಲ್ಲರಿಗೂ ಗಾಳಿ ಹಿಡಿಯಲಿ. ‘ಗಾಳಿ ಹಿಡಿಯುವುದು’ ಎಂದರೆ ದೆವ್ವ ಮೆಟ್ಟುವುದು ಎಂಬ ಅರ್ಥವೂ ಇದೆ ಎಂದು ಯಾರಾದರೂ ಬರೆಯುತ್ತೀರಿ, ಗೊತ್ತು. ಸುಮ್ಮಸುಮ್ಮನೆ ಕಿರುಚುತ್ತ ಎಲ್ಲಿಗೂ ಹೋಗದ ಇಂಜಿನ್ನಿಗೆ ಆ ಅರ್ಥವೂ ಒಪ್ಪುತ್ತದೆ. ಕ್ಯಾವಿಟೇಶನ್ನಿಗೆ ‘ಗುಳ್ಳೆಗಟ್ಟುವುದು’.

ಕೊನೆಗೆ ನಿಮ್ಮನ್ನು ಕೇಳಲೇಬೇಕಾದ ಎರಡು. ದೋಣಿಯ ಒಳತಳದಲ್ಲಿ ನೀರೂ ಎಣ್ಣೆಯೂ ಸೇರುವ ಬಿಲ್ಜ್ ಎಂಬ ಭಾಗಕ್ಕೆ ಕರಾವಳಿಯ ಕನ್ನಡದಲ್ಲಿ, ಅಥವಾ ತುಳು ಕೊಂಕಣಿಯಲ್ಲಿ, ಬಳಕೆಯ ಪದ ಯಾವುದು? ‘ತಳಗುಂಡಿ’ ನಾನು ಕಟ್ಟಿದ್ದು, ಅದರಲ್ಲಿ ಉಪ್ಪಿನ ವಾಸನೆಯೇ ಇಲ್ಲ.

ಇನ್ನೊಂದು, ಸ್ಟಿಕ್ಕರ್. ಪೆಟ್ರೋಲ್ ಇಂಜಿನ್ ಗೂಡಿನೊಳಗಿರುವ ದೋಣಿಗಳಲ್ಲಿ ಸ್ವಿಚ್ಚಿನ ಪಕ್ಕ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ಅಮೆರಿಕದ ನಿಯಮ. ಚಾಲೂ ಮಾಡುವ ಮೊದಲು 4 ನಿಮಿಷ ಬ್ಲೋವರ್ ಓಡಿಸಿ, ತಳದಲ್ಲಿ ಆವಿ ಇದೆಯೇ ನೋಡಿ ಎಂದು ಅದರ ಸಾರ. ನನ್ನ ಕರಡು ಹೀಗಿದೆ: ‘ಪೆಟ್ರೋಲ್ ಆವಿ ಸಿಡಿಯುತ್ತದೆ. ಚಾಲೂ ಮಾಡುವ ಮೊದಲು 4 ನಿಮಿಷ ಹೀರುಗ ಓಡಿಸಿ. ಮುಚ್ಚಳ ತೆಗೆದು ತಳವನ್ನು ಮೂಸಿ ನೋಡಿ.’ ಈ ‘ಮೂಸಿ’ ನಾಯಿಗೆ ಹೇಳುವ ಮಾತು, ‘ವಾಸನೆ ನೋಡಿ’ ಎಂದು ಬದಲಿಸಿ ಎಂದು ಕೆಲಸ ಕೊಟ್ಟವರು ಗೆರೆ ಎಳೆದು ಕಳಿಸಿದ್ದಾರೆ. ನೋಡುವುದಾದರೆ ಹುಡುಗ ಟಾರ್ಚು ಹಾಕಿ ಇಣುಕಿಯಾನು, ಮೂಸು ಎಂದರೆ ಬಗ್ಗಿ ಮೂಗನ್ನೇ ಅಲ್ಲಿಗೆ ತರುತ್ತಾನೆ ಎಂಬುದು ನನ್ನ ವಾದ. ಶುಕ್ರವಾರದೊಳಗೆ ಅಚ್ಚಿಗೆ ಹೋಗುತ್ತದೆ. ಮೂಸಿಯನ್ನು ಉಳಿಸಿಕೊಳ್ಳಲೇ, ಬಿಡಲೇ?