ಕೋಲ್ಕತ್ತದ ಚೀನೀ ಕೇರಿಗಳು: ಟಿರೆಟ್ಟಾ ಬಜಾರ್ ಮತ್ತು ಟ್ಯಾಂಗ್ರಾವನ್ನು ನೋಡುವುದು ಹೇಗೆ?

ಪ್ರಶ್ನೆ: ಧಾರವಾಡದ ಪಯಣಿಗ

ಎಲ್ಲರಿಗೂ ನಮಸ್ಕಾರ. ಬರುವ ಚಳಿಗಾಲದಲ್ಲಿ ತಾಯಿಯವರನ್ನು ಕರೆದುಕೊಂಡು ಕೋಲ್ಕತ್ತಕ್ಕೆ ಹೋಗಬೇಕೆಂದಿದ್ದೇನೆ. ದಕ್ಷಿಣೇಶ್ವರ, ಬೇಲೂರು ಮಠ, ವಿಕ್ಟೋರಿಯಾ ಸ್ಮಾರಕಗಳ ಬಗ್ಗೆ ಮಾಹಿತಿಗೆ ಕೊರತೆಯಿಲ್ಲ. ನನ್ನ ಆಸಕ್ತಿ ಇರುವುದು ಹದಿನೆಂಟನೆಯ ಶತಮಾನದ ಕೊನೆಯಿಂದ ಆ ನಗರಕ್ಕೆ ಬಂದು ನೆಲೆಸಿದ ಚೀನೀಯರ ಕೇರಿಗಳಲ್ಲಿ. ಟಿರೆಟ್ಟಾ ಬಜಾರಿನ ಬೆಳಗಿನ ಉಪಾಹಾರದ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಹಬೆಯಾಡುವ ಮೊಮೊಗಳನ್ನು ಬಿಟ್ಟರೆ ಆ ಜನರ ಬದುಕಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ.

ತಿಂಡಿಯ ಹೊರತಾಗಿ ಅಲ್ಲಿ ನೋಡಿ ಅರಿಯಬೇಕಾದದ್ದು ಏನಿದೆ? ಹೊರಗಿನವರು ಅವರ ಗುಡಿಗಳಿಗೆ ಹೋಗಬಹುದೇ? ತಾಯಿಯವರು ಶುದ್ಧ ಸಸ್ಯಾಹಾರಿಗಳು, ಜೊತೆಗೆ ಬಹಳ ದೂರ ನಡೆಯಲಾರರು. ಎಲ್ಲಕ್ಕಿಂತ ಮುಖ್ಯವಾಗಿ, ಸಂಖ್ಯೆಯಲ್ಲಿ ಕ್ಷೀಣಿಸುತ್ತಿರುವ ಒಂದು ಸಮುದಾಯದ ಮನೆಬಾಗಿಲಿಗೆ ಕ್ಯಾಮೆರಾ ಹಿಡಿದು ಹೋಗುವುದು ಎಷ್ಟರಮಟ್ಟಿಗೆ ಸರಿ ಎಂಬ ಅಳುಕು ನನಗಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಹೂಗ್ಲಿ ತೀರದ ಕನ್ನಡಿಗ

ನೌಕರಿಯ ನಿಮಿತ್ತ ಕೋಲ್ಕತ್ತದಲ್ಲಿ ನೆಲೆಸಿರುವ ನನಗೆ ಈ ನಗರದಲ್ಲಿ ಅತ್ಯಂತ ಪ್ರಿಯವಾದ ಭಾಗವೆಂದರೆ ನೀವು ಕೇಳಿರುವ ಭಾಗವೇ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ತಿಳಿದಿರಬೇಕಾದದ್ದು, ಇಲ್ಲಿ ಚೀನೀ ಕೇರಿಗಳು ಎರಡು ಎಂಬುದು. ಲಾಲ್‌ಬಜಾರಿನ ಪೊಲೀಸ್ ಕೇಂದ್ರ ಕಚೇರಿಯ ಹತ್ತಿರವಿರುವ ಟಿರೆಟ್ಟಾ ಬಜಾರ್ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿದ್ದ ಎಡ್ವರ್ಡ್ ಟಿರೆಟ್ಟಾ ಎಂಬ ಇಟಲಿ ಮೂಲದವನ ಹೆಸರು ಅದಕ್ಕೆ ಉಳಿದುಕೊಂಡಿದೆ. ನಗರದ ಪೂರ್ವ ಭಾಗದ ಟ್ಯಾಂಗ್ರಾ ಆಮೇಲೆ ಬೆಳೆದದ್ದು. ಎರಡರ ಸ್ವಭಾವವೂ ಬೇರೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿಕೊಳ್ಳಲಾಗದು.

ಬೆಳಗಿನ ಉಪಾಹಾರಕ್ಕೆ ಭಾನುವಾರವೇ ಹೋಗಿ. ಪೊದ್ದಾರ್ ಕೋರ್ಟ್ ಕಟ್ಟಡದ ಹಿಂದೆ, ಸನ್ ಯಾತ್ ಸೆನ್ ಬೀದಿಯ ಆಸುಪಾಸಿನಲ್ಲಿ ಆರು ಗಂಟೆಗೆಲ್ಲ ವ್ಯಾಪಾರ ಆರಂಭವಾಗಿ, ಎಂಟೂವರೆಯ ಹೊತ್ತಿಗೆ ಬಹುಪಾಲು ಮುಗಿದುಹೋಗಿರುತ್ತದೆ. ಮೀನಿನ ಉಂಡೆಯ ಸೂಪು, ಮಾಂಸ ತುಂಬಿದ ಪಾವ್, ಸಾಸೇಜ್ ಇವೇ ಅಲ್ಲಿನ ಮುಖ್ಯ ತಿನಿಸುಗಳಾದ್ದರಿಂದ ತಾಯಿಯವರಿಗೆ ಒಪ್ಪುವಂಥದ್ದು ಕಡಿಮೆ. ಎಳ್ಳು ಹಚ್ಚಿ ಕರಿದ ಸಿಹಿ ಉಂಡೆ ಕೆಲವೊಮ್ಮೆ ಸಿಗುತ್ತದೆ. ಆದರೆ ಕರಿದ ಎಣ್ಣೆ ಯಾವುದೆಂದು ಕೇಳಿಯೇ ಕೊಳ್ಳಬೇಕು. ಹತ್ತಿರದ ಬಂಗಾಳಿ ಅಂಗಡಿಗಳಲ್ಲಿ ಬಿಸಿ ಕಚೂರಿ, ಆಲೂಗಡ್ಡೆಯ ಪಲ್ಯ ಧಾರಾಳವಾಗಿ ದೊರೆಯುತ್ತವೆ. ಅವರು ಅಲ್ಲಿ ನಿಶ್ಚಿಂತೆಯಿಂದ ತಿನ್ನಬಹುದು.

ನಿಜವಾಗಿ ನೋಡಬೇಕಾದದ್ದು ಅಂಗಡಿಗಳೆಲ್ಲ ಎದ್ದುಹೋದ ಮೇಲೆ ಉಳಿಯುವ ಗುಡಿಗಳನ್ನು. ಇಲ್ಲಿ ಅವುಗಳಿಗೆ ಚರ್ಚ್ ಎಂದೇ ಹೆಸರು. ಫಲಕಗಳಲ್ಲೂ ಹಾಗೆಯೇ ಬರೆದಿರುತ್ತದೆ. ಛಾತಾವಾಲಾ ಗಲ್ಲಿಯ ಸೀ ಇಪ್ ಗುಡಿಯು 1905ರಲ್ಲಿ ಕಟ್ಟಿದ ಎರಡಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಕರುಣೆಯ ದೇವತೆ ಗ್ವಾನ್ ಯಿನ್‌ಳ ಪೀಠವಿದೆ. ಬ್ಲ್ಯಾಕ್‌ಬರ್ನ್ ಲೇನಿನ ಟುಂಗ್ ಆನ್ ಗುಡಿಯ ಕೆಳಗಿನ ಅಂತಸ್ತಿನಲ್ಲಿ ಒಂದು ಕಾಲಕ್ಕೆ ನಾನ್‌ಕಿಂಗ್ ಎಂಬ ಬಹು ಪ್ರಸಿದ್ಧ ಹೋಟೆಲಿತ್ತು. ಡ್ಯಾಮ್‌ಜೆನ್ ಲೇನಿನ ನಾಮ್ ಸೂನ್ ಗುಡಿಗೆ ತನ್ನದೇ ಅಂಗಳವಿದ್ದು, ಇಷ್ಟು ಗಿಜಿಗಿಜಿಯ ಓಣಿಯೊಳಗೆ ಅಂಥ ಶಾಂತ ಜಾಗವೊಂದು ಇರಬಹುದೆಂದು ಹೊರಗೆ ನಿಂತವರಿಗೆ ತೋಚುವುದೇ ಇಲ್ಲ. ಇವು ಬರಿಯ ಪೂಜಾಸ್ಥಳಗಳಲ್ಲ. ಚೀನಾದ ದಕ್ಷಿಣ ಭಾಗದ ಒಂದೊಂದು ಸೀಮೆಯಿಂದ ಬಂದವರು ತಮ್ಮ ತಮ್ಮ ಸೀಮೆಯವರಿಗಾಗಿ ಕಟ್ಟಿಕೊಂಡ ಸಂಘಗಳವು. ಹೊಸದಾಗಿ ಹಡಗಿನಿಂದ ಇಳಿದವನಿಗೆ ತಂಗಲು ಜಾಗ, ದುಡಿಯಲು ಕೆಲಸ, ಸತ್ತರೆ ಮಣ್ಣು ಮಾಡುವ ವ್ಯವಸ್ಥೆ ಎಲ್ಲವೂ ಅವುಗಳ ಮೂಲಕವೇ ಆಗಬೇಕಿತ್ತು. ಕಸುಬುಗಳೂ ಸೀಮೆಗಳಿಗೆ ತಕ್ಕಂತೆ ಹಂಚಿಹೋಗಿದ್ದವು: ಕ್ಯಾಂಟನ್ ಕಡೆಯವರು ಬಡಗಿಗಳು, ಹಕ್ಕಾ ಜನ ಚರ್ಮ ಹದ ಮಾಡುವವರು ಮತ್ತು ಪಾದರಕ್ಷೆ ಮಾಡುವವರು, ಹುಬೈ ಪ್ರಾಂತದವರು ದಂತವೈದ್ಯರು. ಬೆಂಟಿಂಕ್ ಬೀದಿಯ ಚೀನೀ ಪಾದರಕ್ಷೆ ಅಂಗಡಿಗಳ ಖ್ಯಾತಿ ಅಲ್ಲಿಂದಲೇ ಬಂದದ್ದು.

ಗುಡಿಗಳಿಗೆ ಹೊರಗಿನವರು ಹೋಗಬಹುದು. ಬೆಳಗಿನ ಹೊತ್ತು ಒಳ್ಳೆಯದು. ಬಾಗಿಲಲ್ಲಿ ಇರುವ ನೋಡಿಕೊಳ್ಳುವವರನ್ನು ಕೇಳಿ ಒಳಗೆ ಹೋಗಿ, ಫೋಟೋ ತೆಗೆಯುವ ಮುನ್ನ ಇನ್ನೊಮ್ಮೆ ಕೇಳಿ, ಹುಂಡಿಗೆ ಏನಾದರೂ ಹಾಕಿ.

ಇನ್ನು ಟ್ಯಾಂಗ್ರಾದ ವಿಷಯ. ಚರ್ಮದ ಕೆಲಸವನ್ನು ಮೇಲ್ಜಾತಿಯವರು ಮುಟ್ಟದಿದ್ದ ಕಾಲದಲ್ಲಿ, ಊರಾಚೆಯ ಜೌಗು ನೆಲದಲ್ಲಿ ಹಕ್ಕಾ ಕುಟುಂಬಗಳು ಹದಗಾರಿಕೆಯ ಘಟಕಗಳನ್ನು ಕಟ್ಟಿದವು. ಮಾಲಿನ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ತೀರ್ಪು ನೀಡಿ, ಟ್ಯಾಂಗ್ರಾ, ತಿಲ್‌ಜಲಾ, ತೋಪ್ಸಿಯಾ ಮೊದಲಾದೆಡೆ ಇದ್ದ 500ಕ್ಕೂ ಹೆಚ್ಚು ಘಟಕಗಳು ಬಾಂತಲಾಕ್ಕೆ ಸ್ಥಳಾಂತರಗೊಳ್ಳಬೇಕೆಂದು ಆದೇಶಿಸಿತು. ಕೆಲವರು ಹೋದರು, ಕೆಲವರು ಕಸುಬನ್ನೇ ಬಿಟ್ಟರು, ಅನೇಕರು ಟೊರಾಂಟೊದತ್ತ ಹೊರಟರು. ಉಳಿದವರಲ್ಲಿ ಹಲವರು ಅದೇ ಕಟ್ಟಡಗಳಲ್ಲಿ ಹೋಟೆಲ್ ತೆರೆದರು. ಇಂದು ಟ್ಯಾಂಗ್ರಾದ ಎತ್ತರದ ಗೋಡೆಗಳನ್ನೂ ದೊಡ್ಡ ಕಬ್ಬಿಣದ ಗೇಟುಗಳನ್ನೂ ನೋಡುವಾಗ ಅವು ಹೋಟೆಲಿಗಾಗಿ ಕಟ್ಟಿದವಲ್ಲ ಎಂಬುದು ನೆನಪಿನಲ್ಲಿದ್ದರೆ ಆ ಬೀದಿಗಳ ವಿನ್ಯಾಸ ತಾನಾಗಿಯೇ ಅರ್ಥವಾಗುತ್ತದೆ. ಅಲ್ಲಿನ ಚೀನೀ ಕಾಳಿ ಮಂದಿರಕ್ಕೆ ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ. ದೇವಿಗೆ ನೂಡಲ್ಸ್ ನೈವೇದ್ಯವಾಗುವ ಗುಡಿ ಅದು. ಟ್ಯಾಂಗ್ರಾಕ್ಕೆ ಮಧ್ಯಾಹ್ನದ ಊಟದ ಹೊತ್ತು ಸರಿ. ಅಲ್ಲಿನ ಹೋಟೆಲುಗಳಲ್ಲಿ ಸಸ್ಯಾಹಾರದ ಬಗೆಗಳು ಸಾಕಷ್ಟಿವೆ.

ಒಂದು ಮಾತು ಸಾಂದರ್ಭಿಕವಾಗಿ. ನಮ್ಮ ಊರುಗಳ ತಳ್ಳುಗಾಡಿಗಳಲ್ಲಿ ಸಂಜೆ ಸಿಗುವ ಗೋಬಿ ಮಂಚೂರಿಯ ಮೂಲವೂ ಈ ಸಮುದಾಯದ ಕಡೆಗೇ ಹೋಗುತ್ತದೆ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯಲ್ಲಿ ಮೊದಲ ಬಾರಿಗೆ ಚಿಕನ್ ಮಂಚೂರಿಯನ್ ಮಾಡಿದರೆಂಬುದು ಪ್ರಚಲಿತವಾದ ಮಾತು. ಹೂಕೋಸಿನದು ಅದರ ಸಸ್ಯಾಹಾರಿ ರೂಪ.

ಉತ್ತರ: ಹಳೆಯ ಪುಟಗಳು

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ. ಆದರೆ 1962ನ್ನು ಬಿಟ್ಟು ಈ ಕೇರಿಗಳನ್ನು ನೋಡಿದರೆ ಅಲ್ಲಿನ ಮೌನ ಯಾರಿಗೂ ಅರ್ಥವಾಗಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ವರ್ಷದ ಭಾರತ–ಚೀನಾ ಯುದ್ಧದ ಸಮಯದಲ್ಲಿ, ಇಲ್ಲಿಯೇ ಹುಟ್ಟಿ ಬೆಳೆದವರೂ ಸೇರಿದಂತೆ ಸುಮಾರು 3000 ಚೀನೀ ಮೂಲದವರನ್ನು ಬಂಧಿಸಿ ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇರಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯವರು. ಅನೇಕರು ವರ್ಷಗಟ್ಟಲೆ ಅಲ್ಲಿಯೇ ಇರಬೇಕಾಯಿತು. ಕೊನೆಯವರ ಬಿಡುಗಡೆಯಾದದ್ದು 1967ರಲ್ಲಿ. 1963ರಲ್ಲಿ ಚೀನಾ ಕಳುಹಿಸಿದ ಹಡಗುಗಳಲ್ಲಿ 2000ಕ್ಕೂ ಹೆಚ್ಚು ಜನ, ತಾವೆಂದೂ ನೋಡಿರದ ದೇಶಕ್ಕೆ ಹೋದವರೂ ಸೇರಿ, ಭಾರತವನ್ನು ಬಿಟ್ಟರು. ಶಿಬಿರದಿಂದ ಮರಳಿದವರಿಗೆ ಮನೆ ಅಂಗಡಿಗಳು ಹರಾಜಾಗಿ ಹೋಗಿರುವುದು ಕಂಡುಬಂದ ಸಂದರ್ಭಗಳು ಹಲವು. ಕೋಲ್ಕತ್ತದ ಚೀನೀಯರಲ್ಲಿ ಹೆಚ್ಚಿನವರು ಬಂಧನಕ್ಕೊಳಗಾಗದಿದ್ದರೂ, ಊರು ಬಿಟ್ಟು ಹೋಗಲು ಅನುಮತಿ ಪಡೆಯಬೇಕಾದ, ಪೊಲೀಸರ ಮುಂದೆ ಹಾಜರಾಗಬೇಕಾದ ನಿರ್ಬಂಧಗಳನ್ನು ಬಹುಕಾಲ ಅನುಭವಿಸಿದರು. ಒಂದು ಕಾಲಕ್ಕೆ 20,000ದಷ್ಟಿದ್ದರೆಂದು ಹೇಳಲಾಗುವ ಆ ಸಮುದಾಯ ಈಗ 2000ದ ಆಸುಪಾಸಿಗೆ ಇಳಿದಿರುವುದಕ್ಕೆ ಚರ್ಮೋದ್ಯಮದ ಸ್ಥಳಾಂತರ ಒಂದು ಕಾರಣವಾದರೆ, ಅದಕ್ಕಿಂತ ಆಳವಾದ ಕಾರಣ ಈ ಅಭದ್ರತೆ. ಟ್ಯಾಂಗ್ರಾದ ಚೀನೀ ಶಾಲೆ ಮುಚ್ಚಿಹೋಯಿತು. ಕೋಲ್ಕತ್ತದಿಂದ ಹೊರಡುತ್ತಿದ್ದ ಸಿಯಾಂಗ್ ಪೋ ಎಂಬ ಚೀನೀ ದಿನಪತ್ರಿಕೆಯೂ 2020ರಲ್ಲಿ ನಿಂತಿತು.

ಆದ್ದರಿಂದ ಅಲ್ಲಿನ ಹಿರಿಯರನ್ನು ಮಾತನಾಡಿಸುವಾಗ "ನೀವು ಯಾವ ದೇಶದವರು" ಎಂದು ಕೇಳದಿರುವುದು ಒಳಿತು. ಅದು ನಮಗೆ ಸಹಜವಾದ ಕುತೂಹಲ. ಅವರಿಗೆ ಅಧಿಕಾರಿಗಳ ಬಾಯಿಂದ ಕೇಳಿ ಕೇಳಿ ನೊಂದ ಪ್ರಶ್ನೆ. ಗುಡಿಯ ಬಗ್ಗೆ, ಅಡುಗೆಯ ಬಗ್ಗೆ, ಹಬ್ಬದ ಬಗ್ಗೆ ಕೇಳಿದರೆ ಸಂತೋಷದಿಂದ ಹೇಳುತ್ತಾರೆ. 1962ರ ವಿಷಯವನ್ನು ಅವರಾಗಿಯೇ ಎತ್ತಿದರೆ ಮಾತ್ರ ಕೇಳಿಸಿಕೊಳ್ಳಿ.

ಉತ್ತರ: ಕುಶಾಲನಗರದ ಓದುಗಿ

ಕೋಲ್ಕತ್ತವನ್ನು ನಾನು ನೋಡಿಲ್ಲ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುವ ಅನುಭವ ನನಗಿದೆ, ಏಕೆಂದರೆ ವಲಸೆ ಬಂದವರ ಊರೊಂದರ ಪಕ್ಕದಲ್ಲಿಯೇ ನಾನು ಬೆಳೆದದ್ದು. 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯ ಸರಕಾರವು ಟಿಬೆಟಿನ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಕಾಡಿನ ಭೂಮಿಯನ್ನು ನೀಡಿತು. ಆ ಕಾಡನ್ನು ಕಡಿದು, ಕಾಣದ ಹವೆಯಲ್ಲಿ ಜೋಳ ಬೆಳೆಯಲು ಕಲಿತು ಅವರು ಬದುಕು ಕಟ್ಟಿಕೊಂಡರು. ನಮ್ಮ ಕಡೆಯ ಸಂತೆಗಳಲ್ಲಿ ಹಿರಿಯ ಟಿಬೆಟನ್ನರು ಕನ್ನಡದಲ್ಲಿಯೇ ಚೌಕಾಸಿ ಮಾಡುವುದನ್ನು ಕೇಳುತ್ತ ಬಂದಿದ್ದೇನೆ.

ಈಗ ರಜಾ ದಿನಗಳಲ್ಲಿ ನಾಮ್‌ದ್ರೋಲಿಂಗ್ ವಿಹಾರಕ್ಕೆ ಬರುವವರ ಸಂಖ್ಯೆ ಅಪಾರ. 1999ರಲ್ಲಿ ತೆರೆದ ಸ್ವರ್ಣ ಮಂದಿರದ ಮುಂದೆ ಫೋಟೋ ತೆಗೆಸಿಕೊಂಡು, ಒಂದು ತಟ್ಟೆ ಮೊಮೊ ತಿಂದು ಹೊರಟುಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರಾರ್ಥನೆ ನಡೆಯುತ್ತಿರುವಾಗ ಹತ್ತು ಹನ್ನೆರಡು ವರ್ಷದ ಪುಟ್ಟ ಭಿಕ್ಷುಗಳ ಮುಖಕ್ಕೆ ಫೋನ್ ಹಿಡಿಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಮ್ಮ ದೇವಸ್ಥಾನದ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿ ಕುಳಿತ ಮಕ್ಕಳಿಗೆ ಹೀಗೆ ಮಾಡಿದರೆ ಯಾವ ತಾಯಿ ಸಹಿಸುತ್ತಾಳೆ? ಹೋಗುವುದೇ ಬೇಡವೆಂದು ನಾನು ಹೇಳುವುದಿಲ್ಲ. ಪ್ರವಾಸಿಗರಿಂದ ಅಲ್ಲಿನ ಅನೇಕ ಮನೆಗಳ ಒಲೆ ಉರಿಯುತ್ತದೆ. ವ್ಯಾಪಾರಕ್ಕಾಗಿ ಕುಳಿತವರ ಬಳಿ ಹೋಗಿ ಕೊಳ್ಳಿ, ಮಾತನಾಡಿ. ಪೂಜೆಗಾಗಿ, ದುಃಖಕ್ಕಾಗಿ, ಮನೆಗೆಲಸಕ್ಕಾಗಿ ಕುಳಿತವರನ್ನು ಅವರ ಪಾಡಿಗೆ ಬಿಡಿ. ಕೋಲ್ಕತ್ತದಲ್ಲಿಯೂ ಇದೇ ಸಾಕಾಗುತ್ತದೆಂದು ನನಗೆ ಅನಿಸುತ್ತದೆ.

ಪ್ರಶ್ನಿಸಿದವರ ಮರುಮಾತು: ಧಾರವಾಡದ ಪಯಣಿಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ದೇವಲಿಯ ಸಂಗತಿ ನನಗೆ ತಿಳಿದೇ ಇರಲಿಲ್ಲ. ಅದನ್ನು ಓದಿದ ಮೇಲೆ ಈ ಪ್ರವಾಸದ ಸಿದ್ಧತೆಯನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡಬೇಕೆನಿಸಿದೆ. ಇನ್ನೆರಡು ಪ್ರಶ್ನೆಗಳು: ಭಾನುವಾರ ಬೆಳಗ್ಗೆ ಟಿರೆಟ್ಟಾ ಬಜಾರ್ ಮುಗಿದ ಮೇಲೆ, ತಾಯಿಯವರಿಗೆ ಆಯಾಸವಾಗದಂತೆ ಸಮೀಪದಲ್ಲಿಯೇ ನೋಡಬಹುದಾದದ್ದು ಏನಾದರೂ ಇದೆಯೇ? ಮೊದಲ ಚೀನೀ ವಲಸೆಗಾರನ ಸಮಾಧಿ ನಗರದ ಹೊರಗೆ ಎಲ್ಲಿಯೋ ಇದೆ ಎಂದು ಕೇಳಿದ್ದೇನೆ. ಅಲ್ಲಿಗೆ ಹೋಗುವುದು ಸಾಧ್ಯವೇ?

ಉತ್ತರ: ಹೂಗ್ಲಿ ತೀರದ ಕನ್ನಡಿಗ

ಸಮೀಪದಲ್ಲಿ ಧಾರಾಳವಾಗಿದೆ. ಏಷ್ಯಾದ ಬೇರೆ ಭಾಗಗಳಿಂದ ಬಂದ ವಲಸಿಗರೂ ಇದೇ ಆಸುಪಾಸಿನಲ್ಲಿ ನೆಲೆಸಿದ್ದರು. 1724ರ ಅರ್ಮೇನಿಯನ್ ಚರ್ಚು ಮತ್ತು ಬಾಗ್ದಾದಿನಿಂದ ಬಂದ ಯಹೂದಿಗಳು 1884ರಲ್ಲಿ ಕಟ್ಟಿದ ಮಾಗೆನ್ ಡೇವಿಡ್ ಪ್ರಾರ್ಥನಾಮಂದಿರ ಎರಡೂ ರಿಕ್ಷಾದಲ್ಲಿ ಸ್ವಲ್ಪ ಹೊತ್ತಿನ ದಾರಿ. ಯಹೂದಿಗಳ ಸಂಖ್ಯೆ ಈಗ ಕೈಬೆರಳಲ್ಲಿ ಎಣಿಸುವಷ್ಟಕ್ಕೆ ಇಳಿದಿದ್ದರೂ ಆ ಮಂದಿರ ಅಚ್ಚುಕಟ್ಟಾಗಿ ಉಳಿದಿದೆ; ತಲೆತಲಾಂತರದಿಂದ ಅದನ್ನು ನೋಡಿಕೊಳ್ಳುತ್ತ ಬಂದವರು ಮುಸ್ಲಿಂ ಕುಟುಂಬದವರು. ಗುರುತಿನ ಚೀಟಿ ಜೊತೆಗಿರಲಿ, ತೆರೆದಿರುವ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಬಜಾರಿಗೆ ಬರಲು ಮೆಟ್ರೋದ ಸೆಂಟ್ರಲ್ ನಿಲ್ದಾಣ ಹತ್ತಿರವಾದರೂ, ಭಾನುವಾರ ಅಷ್ಟು ಬೇಗ ಮೆಟ್ರೋ ಇರುವುದಿಲ್ಲವಾದ್ದರಿಂದ ಟ್ಯಾಕ್ಸಿಯೇ ವಾಸಿ.

ನೀವು ಕೇಳಿರುವ ಸಮಾಧಿ ಇರುವುದು ಬಜ್‌ಬಜ್‌ನ ಆಚೆ, ಹೂಗ್ಲಿ ನದಿಯ ದಂಡೆಯ ಅಚಿಪುರದಲ್ಲಿ. ವಾರನ್ ಹೇಸ್ಟಿಂಗ್ಸ್‌ನ ಕಾಲದಲ್ಲಿ ಅಲ್ಲಿ ಭೂಮಿ ಪಡೆದು, ಚೀನಾದಿಂದ ಕೆಲಸಗಾರರನ್ನು ಕರೆತಂದು, ಕಬ್ಬು ಬೆಳೆಸಿ ಸಕ್ಕರೆ ತಯಾರಿಸಲು ತೊಡಗಿದ ಅಚು ಎಂಬವನಿಂದಲೇ ಊರಿಗೆ ಆ ಹೆಸರು. ಲಾಳದ ಆಕಾರದ ಕೆಂಪು ಸಮಾಧಿ ನದಿಗೆ ಮುಖಮಾಡಿದೆ; ಸ್ವಲ್ಪ ದೂರದಲ್ಲಿ ಭೂಮಿಯ ದೇವ ದೇವಿಯರ ಗುಡಿಯಿದ್ದು, ಸುತ್ತಲಿನ ಊರಿನವರು ಅವರನ್ನು ಖುದಾ–ಖುದಿ ಎಂದು ಕರೆಯುತ್ತಾರೆ. ಚೀನೀ ಹೊಸವರ್ಷದ ನಂತರದ ದಿನಗಳಲ್ಲಿ ಕೋಲ್ಕತ್ತದ ಕುಟುಂಬಗಳು, ಹೊರದೇಶಗಳಿಂದ ಆ ಹಬ್ಬಕ್ಕೆಂದೇ ಮರಳಿ ಬಂದವರೂ, ಅಲ್ಲಿಗೆ ಹೋಗಿ ಧೂಪ ಹಚ್ಚಿ ಎಡೆ ಇಟ್ಟು ಬರುತ್ತಾರೆ. ಹೊಸವರ್ಷ ಜನವರಿಯ ಕೊನೆಯಿಂದ ಫೆಬ್ರುವರಿಯ ಮೂರನೆಯ ವಾರದೊಳಗೆ ಬೀಳುವುದರಿಂದ, ನಿಮ್ಮ ಪ್ರಯಾಣದ ದಿನಾಂಕವನ್ನು ಆಗ ಇಟ್ಟುಕೊಂಡರೆ ಟಿರೆಟ್ಟಾ ಬಜಾರಿನ ಸಿಂಹ ನೃತ್ಯವನ್ನೂ ನೋಡಬಹುದು.

ಸಿಯಾಲ್ದಾದಿಂದ ಬಜ್‌ಬಜ್‌ಗೆ ಲೋಕಲ್ ರೈಲುಗಳಿವೆ. ನಿಲ್ದಾಣದಿಂದ ಮುಂದಕ್ಕೆ ಆಟೋ ಸಿಗುತ್ತದೆ. ತಾಯಿಯವರು ಜೊತೆಗಿರುವುದರಿಂದ ಕೋಲ್ಕತ್ತದಿಂದಲೇ ಕಾರು ಮಾಡಿಕೊಂಡು ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಹಿಂದಿರುಗಬಹುದು. ಆ ಕಡೆ ಒಳ್ಳೆಯ ಸಸ್ಯಾಹಾರಿ ಹೋಟೆಲ್ ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಬುತ್ತಿ ಕಟ್ಟಿಕೊಂಡು ಹೋಗಿ.