ಕರ್ಣವೋ ವಿಕರ್ಣವೋ? ಲಂಬಕೋನ ತ್ರಿಭುಜದ ಪದಗಳ ಬಗ್ಗೆ ಒಂದು ವಿಚಾರಣೆ

ಮಾನ್ಯರೇ,

ನೇರವಾಗಿ ಅಳೆಯಲಾಗದ ದೂರಗಳನ್ನು ತ್ರಿಕೋನಮಿತಿಯಿಂದ ಕಂಡುಕೊಳ್ಳುವ ಬಗೆಯನ್ನು ಸಾಮಾನ್ಯ ಓದುಗರಿಗಾಗಿ ಬರೆಯುತ್ತಿರುವಾಗ ಎದುರಾದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ನಮ್ಮ ಶಾಲಾ ಪಠ್ಯಗಳಲ್ಲಿ ಲಂಬಕೋನಕ್ಕೆ ಎದುರಿನ ಬಾಹು ‘ವಿಕರ್ಣ’; ಚತುರ್ಭುಜದ ಎದುರುಬದುರು ಮೂಲೆಗಳನ್ನು ಸೇರಿಸುವ ಗೆರೆ ‘ಕರ್ಣ’. ಹಿಂದಿಯಲ್ಲಿ ಇದು ಸರಿಯಾಗಿ ತಿರುವುಮುರುವು: ಅಲ್ಲಿ ತ್ರಿಭುಜಕ್ಕೆ ಕರ್ಣ, ಚತುರ್ಭುಜಕ್ಕೆ ವಿಕರ್ಣ. 12ನೆಯ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಲಂಬಕೋನ ತ್ರಿಭುಜದ ಬಾಹುಗಳು ಭುಜ, ಕೋಟಿ, ಕರ್ಣ ಎಂದಿದ್ದು, ಚತುರ್ಭುಜದ ಗೆರೆಯೂ ಅಲ್ಲಿ ಕರ್ಣವೇ.

ಎರಡು ಆಕೃತಿಗಳೂ ಒಂದೇ ಚಿತ್ರದಲ್ಲಿ ಕೂಡಿದಾಗ ತೊಡಕು ಎದ್ದು ಕಾಣುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವನ್ನು ತೆಗೆದುಕೊಳ್ಳಿ. ಪಾಯ ಗುರುತು ಹಾಕುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡು ಕಡೆಯೂ 50 ಅಡಿ ಬಂದರೆ ಮೂಲೆಗಳು ನೇರವಾಗಿವೆ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆ ದಾರ ಆಯತಕ್ಕೆ ಕರ್ಣ, ಅದು ಸೀಳಿದ ತ್ರಿಭುಜಕ್ಕೆ ವಿಕರ್ಣ. ಒಂದೇ ಗೆರೆಗೆ ಒಂದೇ ವಾಕ್ಯದಲ್ಲಿ ಎರಡು ಹೆಸರು ಬಂದರೆ, ಶಾಲೆ ಬಿಟ್ಟು ಬಹುಕಾಲವಾದ ಓದುಗರು ಅಲ್ಲಿಯೇ ನಿಂತುಬಿಡುತ್ತಾರೆ.

ಹಾಗಿದ್ದರೂ ಪಠ್ಯದ ‘ವಿಕರ್ಣ’ವನ್ನು ಕೈಬಿಡಬಾರದೆಂಬುದೇ ನನ್ನ ನಿಲುವು. ಹಳೆಯ ಬಳಕೆಯ ಹೆಸರಿನಲ್ಲಿ ‘ಕರ್ಣ’ಕ್ಕೆ ಮರಳಿದರೆ, ಕನ್ನಡ ಮಾಧ್ಯಮದಲ್ಲಿ ಓದಿದವರೆಲ್ಲ ಕಲಿತಿರುವ ಪದವನ್ನೇ ತಪ್ಪೆಂದು ಸಾರಿದಂತಾಗುತ್ತದೆ. ಮೊದಲ ಬಾರಿ ಬಳಸುವಾಗ ‘ಲಂಬಕೋನದ ಎದುರಿನ ಬಾಹುವಾದ ವಿಕರ್ಣ’ ಎಂದು ಬಿಡಿಸಿ ಬರೆದರೆ ಸಾಕೆನಿಸುತ್ತದೆ.

ಇನ್ನೊಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ಭೂಮಾಪನದಲ್ಲಿ ಇಳಿಜಾರಿನ ಗುಂಟ ಅಳೆದ ಉದ್ದ ಬೇರೆ, ನಕ್ಷೆಗೆ ಏರುವ ಉದ್ದ ಬೇರೆ. 10 ಡಿಗ್ರಿ ಏರಿನ ನೆಲದಲ್ಲಿ 100 ಮೀಟರ್ ಟೇಪು ಎಳೆದರೆ, ಅದನ್ನು ಆ ಕೋನದ ಕೊಸೈನ್‌ನಿಂದ (ಕೋನದ ಪಕ್ಕದ ಬಾಹುವನ್ನು ವಿಕರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆಯಿಂದ) ಗುಣಿಸಿದಾಗ ಸಿಗುವ ಸುಮಾರು 98.48 ಮೀಟರನ್ನೇ ನಕ್ಷೆಗೆ ತೆಗೆದುಕೊಳ್ಳಬೇಕು. ಈ ಎರಡನೆಯದಕ್ಕೆ ‘ಸಮತಲ ದೂರ’ ಎನ್ನುವುದು ಸರಿಹೊಂದುತ್ತದೆ. ಮೊದಲನೆಯದು ಲೆಕ್ಕದಲ್ಲಿ ವಿಕರ್ಣವೇ ಆದರೂ, ನೆಲದ ಮೇಲೆ ಟೇಪು ಹಿಡಿದವರಿಗೆ ಆ ಮಾತು ಒಗ್ಗುವುದಿಲ್ಲ. ‘ಓರೆ ದೂರ’ ಎಂದು ಬರೆಯೋಣವೆಂದರೆ, ‘ಓರೆ’ ಎಂಬುದು ಪಕ್ಕಕ್ಕೆ ವಾಲಿದ್ದನ್ನೂ ಹೇಳುವುದರಿಂದ ನೆಲದ ಏರಿಳಿತ ಅದರಲ್ಲಿ ಸ್ಪಷ್ಟವಾಗದು. ‘ಇಳಿಜಾರು ದೂರ’ದಲ್ಲಿ ಆ ತೊಂದರೆಯಿಲ್ಲ. ಸರ್ವೆ ಕೆಲಸದಲ್ಲಿರುವವರು ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತಾರೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.