ಹೈಸ್ಕೂಲ್ ಹುಡುಗರ ಕಬಡ್ಡಿಗೆ ಕ್ಯಾಶ್ ಪ್ರೈಜ್ ಇಡ್ಬೇಕಾ ಬೇಡ್ವಾ?

ಮಂಡಲದ_ಹುಡುಗ:
ನಮಸ್ಕಾರ ಎಲ್ರಿಗೂ. ನಮ್ದು ಪುತ್ತೂರು ಹತ್ರ ಒಂದು ಸಣ್ಣ ಯುವಕ ಮಂಡಲ. ಪ್ರತಿ ವರ್ಷ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಮಾಡ್ತೇವೆ, ಈ ಸಲ ಮುಕ್ತ ವಿಭಾಗದ ಜೊತೆಗೆ 16 ವರ್ಷದೊಳಗಿನ ಮಕ್ಕಳಿಗೂ ಒಂದು ಇಡುವ ಅಂತ ಮೀಟಿಂಗಲ್ಲಿ ಆಯ್ತು. ಜಗಳ ಶುರುವಾದದ್ದು ಬಹುಮಾನದಲ್ಲಿ. ಒಬ್ರು ಪ್ರಾಯೋಜಕರು ಪ್ರಥಮ 15,555, ದ್ವಿತೀಯ 8,888 ಕೊಡ್ಲಿಕ್ಕೆ ರೆಡಿ ಇದ್ದಾರೆ, ಬ್ಯಾನರಲ್ಲಿ ನಂಬರ್ ದೊಡ್ಡದಾಗಿ ಕಾಣ್ಬೇಕು ಅಂತ ಕಂಡೀಷನ್ ಬೇರೆ. ಅಧ್ಯಕ್ಷರು ಮಕ್ಕಳಿಗೆ ದುಡ್ಡು ಬೇಡ ಫಲಕ ಸಾಕು ಅಂತಾರೆ. ದುಡ್ಡಿಲ್ಲದಿದ್ರೆ ತಂಡವೇ ಬರುದಿಲ್ಲ ಮಾರಾಯ್ರೆ, ನಾಲ್ಕು ತಂಡ ಇಟ್ಕೊಂಡು ಲೈಟಿನ ಬಾಡಿಗೆ ಎಲ್ಲಿಂದ ಕೊಡುದು ಅಂತ ಸೆಕ್ರೆಟರಿ. ಟೂರ್ನಮೆಂಟ್ ಮಾಡಿಸಿ ಗೊತ್ತಿದ್ದವರು ಹೇಳಿ, ಎಂತ ಮಾಡುದು?

ಪಿಟಿ_ಮೇಷ್ಟ್ರು:
ಬೇಡ ಅಂತ್ಲೇ ನನ್ನ ವೋಟು. ಆದರ್ಶ ಗೀದರ್ಶ ಏನಲ್ಲ. 15 ಸಾವಿರ ಅಂತ ಬ್ಯಾನರ್ ಬಿದ್ದ ತಕ್ಷಣ ವಯಸ್ಸಿನ ಗೋಲ್‌ಮಾಲ್ ಶುರು. ಪಿಯುಸಿ ಮುಗ್ಸಿ ಮೀಸೆ ಬೋಳಿಸ್ಕೊಂಡು ಬಂದವನ ಕೈಲಿ ತಮ್ಮನ ಆಧಾರ್ ಕಾರ್ಡು, ಕೇಳಿದ್ರೆ ಫೋಟೋ ಹಳೇದು ಸಾರ್ ಅಂತಾನೆ. ಸರಿ, ಅದನ್ನ ತಡೆಯಕ್ಕೆ ತೂಕದ ಲಿಮಿಟ್ ಇಡೋಣ ಅಂದ್ರೆ ಇನ್ನೊಂದು ಅವಾಂತರ. ಹಿಂದಿನ ದಿನದಿಂದ ಊಟ ಬಿಟ್ಟು, ನೀರೂ ಕುಡೀದೆ, ಮಧ್ಯಾಹ್ನದ ಬಿಸ್ಲಲ್ಲಿ ಜರ್ಕಿನ್ ಹಾಕ್ಕೊಂಡು ಗ್ರೌಂಡ್ ಸುತ್ತಿ, ಮಿಷನ್ ಮುಂದೆ ಚಡ್ಡಿ ಒಂದು ಬಿಟ್ಟು ಎಲ್ಲ ಬಿಚ್ಚಿ ನಿಂತು, ಆಗ್ಲೂ ಮುನ್ನೂರು ಗ್ರಾಂ ಜಾಸ್ತಿ ಬಂದ್ರೆ ಮೂಲೇಲಿ ಕೂತು ಉಗೀತಾ ಇರ್ತಾರೆ, ಉಗುಳು ಹೋದಷ್ಟೂ ತೂಕ ಇಳಿಯುತ್ತೆ ಅಂತ. ಅದೇ ಹುಡುಗ ರಾತ್ರಿ ಎರಡು ಗಂಟೆಗೆ ಸೆಮಿಫೈನಲ್ ಆಡ್ಬೇಕು, ನಾಲ್ಕು ಜನ ಮೇಲೆ ಬಿದ್ರೆ ಏಳಕ್ಕೂ ತ್ರಾಣ ಇರಲ್ಲ.

ಬಿಸಿಸಿಐ ಅಂಥ ಬಿಸಿಸಿಐನೇ 16ರ ಒಳಗಿನವ್ರಿಗೆ ಕೈ ಎಕ್ಸ್‌ರೇ ತೆಗ್ಸಿ ಮೂಳೆ ನೋಡಿ ವಯಸ್ಸು ಲೆಕ್ಕ ಹಾಕುತ್ತೆ. 2020ರಲ್ಲಿ ನೀವಾಗೇ ಒಪ್ಕೊಂಡ್ರೆ ಮಾಫಿ, ಸಿಕ್ಕಿಬಿದ್ರೆ ಎರಡು ವರ್ಷ ಬ್ಯಾನ್ ಅಂತ ಸ್ಕೀಮೇ ತಂದ್ರು. ನಿಮ್ಮ ಮಂಡಲ ಎಕ್ಸ್‌ರೇ ಮಿಷನ್ ತರುತ್ತಾ?

ರೇಡ್_ರಾಜಾ_ಹುಬ್ಳಿ:
ಸರ್ ಹೇಳೂದು ಖರೇ ಐತ್ರೀ, ಆದ್ರ ಅದೆಲ್ಲಾ ರೊಕ್ಕ ಇಲ್ಲದ ಕಡೀನೂ ನಡೀತೈತಿ. ತಾಲೂಕು ಮಟ್ಟದ ಸ್ಕೂಲ್ ಗೇಮ್ಸಿನ್ಯಾಗ ಕೊಡೂದು ಒಂದು ಸರ್ಟಿಫಿಕೇಟ್, ಅಲ್ಲೂ ದೊಡ್ಡ ಹುಡುಗ್ರನ್ನ ಇಳಸ್ತಾರಲ್ರೀ! ನಮ್ಮ ಹುಡುಗ್ರು ಟಂಟಂ ಮಾಡ್ಕೊಂಡು ಬರ್ತಾರ, ಎಂಟ್ರಿ ಫೀ ಬ್ಯಾರೆ, ಮ್ಯಾಟ್ ಮ್ಯಾಲೆ ಆಡಾಕ ಶೂ ಬೇಕು, ನೀ ಕ್ಯಾಪ್ ಬೇಕು, ಇದಕ್ಕೆಲ್ಲಾ ಯಾರೂ ಕೊಡಂಗಿಲ್ಲ, ಗೆದ್ದಾಗ ನಾಕ್ ದುಡ್ಡು ಬಂದ್ರ ಮುಂದಿನ ಟೂರ್ನಮೆಂಟಿಗೆ ಬಸ್ ಚಾರ್ಜರೆ ಆಗ್ತೈತಿ. ಫಲಕ ಇಡಾಕ ನಮ್ಮ ಕ್ಲಬ್ಬಿನ ರೂಮ್ನ್ಯಾಗ ಜಾಗಾ ಇಲ್ರೀ. ಖೇಲೋ ಇಂಡಿಯಾಕ್ಕ ಸೆಲೆಕ್ಟ್ ಆದ ಹುಡುಗ್ರಿಗೆ ಸರ್ಕಾರನ ತಿಂಗಳಿಗೆ 10,000 ಕೈಖರ್ಚಿಗೆ ಕೊಡ್ತೈತಿ, ಅದು ನಡೀತೈತಿ, ನಾವು ಕೊಟ್ರ ತಪ್ಪೇನು?

ಪಿಟಿ_ಮೇಷ್ಟ್ರು:
ಅದು ಟ್ರೈನಿಂಗ್ ಮಾಡ್ತಿರೋ ಹುಡುಗನ ಖರ್ಚಿಗೆ ಕೊಡೋದು ರಾಜಾ ಅವ್ರೆ, ಒಂದು ರಾತ್ರಿ ಫೈನಲ್ ಗೆದ್ದಿದ್ದಕ್ಕಲ್ಲ.

ಬಸವನಗುಡಿ_ಬೌಲರ್:
ಇಡೋದು ಬಿಡೋದು ಆಮೇಲೆ, ಆ ದುಡ್ಡು ಯಾರ ಜೇಬಿಗೆ ಹೋಗುತ್ತೆ ಅಂತ ಮೊದ್ಲು ಕೇಳಿ ಗುರು. ಸ್ಟೇಜ್ ಮೇಲೆ ಕವರ್ ಇಸ್ಕೊಳ್ಳೋದು ಮ್ಯಾನೇಜರ್, ಹುಡುಗ್ರಿಗೆ ಆ ರಾತ್ರಿ ಪರೋಟಾ ಕಬಾಬು, ಅಲ್ಲಿಗೆ ಲೆಕ್ಕ ಚುಕ್ತಾ. ಪಾಲು ಅಂದ್ರೆ ದೊಡ್ಡೋರಲ್ಲೇ ತಕರಾರು. 2018ರಲ್ಲಿ ಅಂಡರ್-19 ವರ್ಲ್ಡ್ ಕಪ್ ಗೆದ್ದಾಗ ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30, ಸಪೋರ್ಟ್ ಸ್ಟಾಫಿಗೆ ತಲಾ 20 ಅಂತ ಅನೌನ್ಸ್ ಆಗಿತ್ತು. ನನಗ್ಯಾಕೆ ಜಾಸ್ತಿ ಅಂತ ದ್ರಾವಿಡ್ಡೇ ಕೇಳಿದ್ರು, ಕೊನೆಗೆ ಕೋಚಿಂಗ್ ಸ್ಟಾಫ್ ಎಲ್ರಿಗೂ 25 ಲಕ್ಷ ಆಯ್ತು, ಅಂದ್ರೆ ಅವ್ರ ಪಾಲು ಅರ್ಧಕ್ಕೆ ಇಳೀತು. ನಿಮ್ಮೂರಿನ ಮ್ಯಾನೇಜರ್ ಹಂಗೆ ಕೇಳ್ತಾನಾ?

ನನ್ ಪ್ರಕಾರ 15,555 ಮತ್ತೆ 8,888 ಸೇರಿಸಿದ್ರೆ 24,443. ಹನ್ನೆರಡು ತಂಡ ಬಂದ್ರೆ ತಂಡಕ್ಕೆ ಎರಡು ಸಾವಿರದ ಮೇಲೆ ಬೀಳುತ್ತೆ, ಗೆದ್ದೋರು ಸೋತೋರು ಅನ್ನದೆ ಬಂದು ಹೋಗೋ ಖರ್ಚು ಅಂತ ಕೊಟ್ಬಿಡಿ, ಎಂಟ್ರಿ ಫೀ ತಗೋಬೇಡಿ. ತಂಡ ಬರಲ್ಲ ಅನ್ನೋ ಸೆಕ್ರೆಟರಿ ಬಾಯೂ ಮುಚ್ಚುತ್ತೆ.

ರೇಡ್_ರಾಜಾ_ಹುಬ್ಳಿ:
ಇದು ಬೇಕಾದ್ರ ಒಪ್ತೀನ್ರೀ. ಆದ್ರ ಬೆಸ್ಟ್ ರೇಡರ್‌ಗೆ ಒಂದು ಜೋಡಿ ಶೂ ಇಡ್ರಿ, ಅಷ್ಟೂ ಇಲ್ಲಂದ್ರ ಮಜಾ ಏನ್ ಬಂತು.

ಮಂಡಲದ_ಹುಡುಗ:
ಐಡಿಯಾ ಒಳ್ಳೇದುಂಟು. ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಮೂರಕ್ಕೂ ಶೂ ಕೊಡಿಸ್ಲಿಕ್ಕೆ ಬೇರೆ ಜನ ಸಿಗ್ತಾರೆ. ಪ್ರಾಯೋಜಕರಿಗೆ ಬ್ಯಾನರಲ್ಲಿ "ಎಲ್ಲಾ ತಂಡಗಳಿಗೆ ಒಟ್ಟು 24,443" ಅಂತ ಹಾಕುವ ಅಂತ ಹೇಳಿ ನೋಡ್ತೇನೆ, ನಂಬರ್ ಇನ್ನೂ ದೊಡ್ಡದೇ ಆಯ್ತಲ್ಲ 😀 ಮತ್ತೊಂದು ಡೌಟು ಮೇಷ್ಟ್ರೇ, ತೂಕ ಬಿಟ್ಟು ಬರೀ ಸ್ಟಡಿ ಸರ್ಟಿಫಿಕೇಟ್ ನೋಡಿ ಆಡಿಸಿದ್ರೆ ಆಗ್ತದಾ?

ಪಿಟಿ_ಮೇಷ್ಟ್ರು:
ಕ್ಲಬ್ ತಂಡ ಬೇಡ, ಶಾಲಾ ತಂಡ ಮಾತ್ರ ಕರೀರಿ. ಹೆಡ್ ಮಾಸ್ಟರ್ ಸಹಿ ಸೀಲು ಇರೋ ಲಿಸ್ಟು, ಜೊತೇಲಿ ಆ ಶಾಲೆ ಪಿಟಿ ಟೀಚರ್ ಬರ್ಲೇಬೇಕು ಅಂತ ಹಾಕಿ. ನಾಳೆ ತನ್ನ ಹೆಸ್ರು ಬರುತ್ತೆ ಅಂತ ಗೊತ್ತಿದ್ರೆ ಅವ್ರೇ ದೊಡ್ಡ ಹುಡುಗ್ರನ್ನ ಮನೇಲೇ ಬಿಟ್ಟು ಬರ್ತಾರೆ. ಮತ್ತೆ ಮಕ್ಕಳ ಮ್ಯಾಚ್ ಎಲ್ಲ ಸಂಜೆ ಆರರೊಳಗೆ ಮುಗ್ಸಿ, ಲೈಟು ದೊಡ್ಡೋರಿಗಿರ್ಲಿ.